ಬಾಮ್ ಜೀಸಸ್ ಚರ್ಚು ಕೆಂಪಾಗಿದ್ದು ಮೊನ್ನೆ ಮೊನ್ನೆ

ಹಳೇ ಗೋವಾಕ್ಕೆ ಹೋದವರೆಲ್ಲ ಬಾಮ್ ಜೀಸಸ್ ಬೆಸಿಲಿಕಾದ ಕೆಂಪು ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ. ಪಕ್ಕದಲ್ಲಿ ಒಬ್ಬರು ಮಗನಿಗೆ ಹೇಳುತ್ತಿದ್ದರು: "ನೋಡು ಮಗಾ, ನಾನೂರು ವರ್ಷದಿಂದ ಹೀಗೇ ನಿಂತಿದೆ. ಬಣ್ಣ ಇಲ್ಲ, ಗಾರೆ ಇಲ್ಲ. ಆ ಕಾಲದ ಕಲ್ಲೇ ಕಲ್ಲು." ಗೊತ್ತಿಲ್ಲದವರ ಜೊತೆ ವಾದ ಯಾಕೆ ಅಂತ ಸುಮ್ಮನಿದ್ದೆ. ಈಗ ಹೇಳಿಬಿಡುತ್ತೇನೆ.

ನಾನೂರು ವರ್ಷ ಸರಿ. 1594ರಲ್ಲಿ ಕಟ್ಟಲು ಶುರು ಮಾಡಿದರು, 1605ರಲ್ಲಿ ಪ್ರತಿಷ್ಠೆ ಆಯಿತು. ಆದರೆ ಆ ಕೆಂಪಿಗೆ ಎಪ್ಪತ್ತು ಚಿಲ್ಲರೆ ವರ್ಷ, ಅಷ್ಟೇ. ಅದಕ್ಕೂ ಮೊದಲು ಈ ಚರ್ಚು ಎದುರಿನ ಸೇ ಕೆಥೆಡ್ರಲ್ ಥರ ಸುಣ್ಣದ ಗಾರೆ ಹೊದ್ದುಕೊಂಡಿತ್ತು. 1950ರ ದಶಕದಲ್ಲಿ ಬಾಲ್ತಜಾರ್ ಕಾಸ್ಟ್ರೊ ಎಂಬ ಪೋರ್ಚುಗೀಸ್ ವಾಸ್ತುಶಿಲ್ಪಿ ಗಾರೆಯನ್ನು ಕಿತ್ತುಹಾಕಿಸಿದರು. ಕಲ್ಲು ಕಾಣಿಸಿದರೆ ಕಟ್ಟಡ ಹಳೆಯದಾಗಿ, ಗಂಭೀರವಾಗಿ ಕಾಣುತ್ತದೆ ಅನ್ನುವುದು ಆಗಿನ ಪೋರ್ಚುಗಲ್‌ನ ಹುಚ್ಚು. ಅಲ್ಲಿನ ಗಟ್ಟಿ ಕಲ್ಲಿಗೆ ಅದು ನಡೆದೀತು. ಇಲ್ಲಿರುವುದು ನಮ್ಮ ಮುರಕಲ್ಲು!

ಕರಾವಳಿಯವರಿಗೆ ಈ ಕಲ್ಲಿನ ಪರಿಚಯ ಮಾಡಿಸಬೇಕಿಲ್ಲ. ಕೆಲವು ಕಡೆ ಜಂಬಿಟ್ಟಿಗೆ ಅಂತಾರೆ, ಉತ್ತರ ಕನ್ನಡದಲ್ಲಿ ಚಿರೆಕಲ್ಲು. ಇಂಗ್ಲಿಷರ ಬಾಯಲ್ಲಿ ಲ್ಯಾಟರೈಟ್. ಆ ಹೆಸರಿನದೇ ಒಂದು ಕಥೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯರನ್ನು ಕಂಪನಿ ಸರ್ಕಾರ ಮೈಸೂರು, ಕೆನರಾ, ಮಲಬಾರ್ ಸುತ್ತಿಬರಲು ಕಳಿಸಿತು. ಮಲಬಾರಿನ ಅಂಗಾಡಿಪುರಂನಲ್ಲಿ ಜನ ನೆಲದಿಂದ ಇಟ್ಟಿಗೆಯ ಹಾಗೆ ಕಲ್ಲು ಕತ್ತರಿಸುವುದನ್ನು ಅವರು ಕಂಡರು. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. 1807ರಲ್ಲಿ ಅಚ್ಚಾದ ಅವರ ಪ್ರವಾಸದ ಪುಸ್ತಕದಿಂದ ಹೆಸರು ಲೋಕಕ್ಕೆಲ್ಲ ಹಬ್ಬಿತು. ನಮ್ಮವರು 'ಜಂಬಿಟ್ಟಿಗೆ' ಅಂದಾಗಲೇ ಅದರಲ್ಲಿ ಇಟ್ಟಿಗೆ ಇತ್ತಲ್ಲ, ಅದನ್ನು ಯಾರೂ ಕೇಳಲಿಲ್ಲ!

ಈ ಕಲ್ಲು ಹುಟ್ಟುವುದು ಫಿಲ್ಟರ್ ಕಾಫಿ ಇಳಿಯುವ ಹಾಗೆ. ಲಕ್ಷಾಂತರ ವರ್ಷ ಬಂಡೆಯ ಮೇಲೆ ಬಿಸಿಲು, ಮಳೆ. ನೀರು ಇಳಿಯುತ್ತಾ ಸುಲಭವಾಗಿ ಕರಗುವುದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಸಿಲಿಕಾ ಕೂಡ ನಿಧಾನಕ್ಕೆ ಜಾರುತ್ತದೆ. ಅದು ಡಿಕಾಕ್ಷನ್. ಮೇಲೆ ಉಳಿಯುವ ಚರಟವೇ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಮತ್ತು ಒಂದಿಷ್ಟು ಜೇಡಿ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ಇನ್ನು ಕತ್ತರಿಸಿದ ಮೇಲೆ ಆಗುವುದು ಮೈಸೂರು ಪಾಕಿನ ಕಥೆ. ಬಿಸಿ ಇರುವಾಗಲೇ ಚಾಕು ಹಾಕಬೇಕು, ಆರಿದರೆ ಮುಗಿಯಿತು. ನೆಲದೊಳಗೆ ಒದ್ದೆಯಾಗಿ, ಮೆತ್ತಗಿರುವ ಮುರಕಲ್ಲನ್ನು ಕೊಡಲಿಯಂಥ ಹತಾರದಿಂದಲೇ ಚೌಕ ಮಾಡಬಹುದು. ಗಾಳಿಗೆ ಬಂದರೆ ನೀರು ಆರಿ, ಕಬ್ಬಿಣದ ಸಂಯುಕ್ತಗಳು ಹರಳುಗಟ್ಟಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಟ್ಟಿ ಮೈಸೂರು ಪಾಕನ್ನು ಮುರಿದು ನೋಡಿ. ಅದೇ ತೂತು, ಅದೇ ಜಾಲ.

ತೊಂದರೆ ಇರುವುದೂ ಆ ತೂತಿನಲ್ಲೇ. ಗಟ್ಟಿಯಾದ ಜಾಲ ಕರಗುವುದಿಲ್ಲ. ಆದರೆ ಸಂದಿಯಲ್ಲಿನ ಜೇಡಿ ಮಳೆಗೆ ತೊಳೆದುಹೋಗುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ತೂತು ದೊಡ್ಡದಾಗುತ್ತದೆ, ಪಾಚಿ ಬರುತ್ತದೆ, ಬೇರು ಇಳಿಯುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಮುಂಭಾಗದ ಕಂಬ, ಕೆತ್ತನೆಗೆ ದೂರದ ವಸಾಯಿಯಿಂದ ಕರಿಕಲ್ಲು ತರಿಸಿದರು, ಉಳಿದ ಮೈಗೆ ಗಾರೆ ಮೆತ್ತಿದರು.

ಗಾರೆ ಏನು ಮಾಡುತ್ತದೆ? ನಮ್ಮ ಅಜ್ಜಿಯ ಎಲೆ ಅಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇರುತ್ತಿತ್ತು. ಮುಚ್ಚಳ ತೆರೆದಿಟ್ಟರೆ ಬೈಗುಳ, ಸುಣ್ಣ ಕಲ್ಲಾಗುತ್ತದೆ ಅಂತ. ಅದು ಉತ್ಪ್ರೇಕ್ಷೆ ಅಲ್ಲ, ನಿಜವಾಗಿಯೂ ಕಲ್ಲೇ. ಅರಳಿದ ಸುಣ್ಣ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗುತ್ತದೆ. ಗೋಡೆಯ ಮೇಲೂ ಅದೇ. ಹೀಗೆ ಕೂತ ಪದರ ಹತ್ತಿ ಅಂಗಿಯ ಹಾಗೆ: ಜಡಿಮಳೆಯ ಹೊಡೆತವನ್ನು ತಾನು ತಿನ್ನುತ್ತದೆ, ಒಳಗೆ ಸೇರಿದ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸವೆದರೆ ಮತ್ತೆ ಮೆತ್ತಬೇಕು. ಅದು ಸವೆಯಲಿಕ್ಕೇ ಇರುವುದು.

ಮತ್ತೆ ಗಾರೆ ಹಾಕಿ ಅಂತ ಚರ್ಚಿನ ಕಡೆಯಿಂದಲೇ ಬೇಡಿಕೆ ಬಂದಿದೆ. ಬೇಡ ಅನ್ನುವವರಿಗೆ ಈ ಕೆಂಪೇ ಚರ್ಚಿನ ಗುರುತು, ಪೋಸ್ಟ್‌ಕಾರ್ಡಿನಲ್ಲಿ ಇರುವುದೂ ಅದೇ. ನನ್ನ ಓಟು ಗಾರೆಗೆ. ಆದರೆ ಸುಣ್ಣದ ಗಾರೆಗೆ ಮಾತ್ರ, ಸಿಮೆಂಟಿಗಲ್ಲ. ನಮ್ಮ ಮನೆಯ ಮುರಕಲ್ಲಿನ ಕೊಟ್ಟಿಗೆಗೆ ಹೊರಗಿನಿಂದ ಸಿಮೆಂಟ್ ಬಳಿಸಿದ್ದೆವು. ರೇನ್‌ಕೋಟ್ ಹಾಕಿಕೊಂಡು ಬೆವರಿದ ಹಾಗೆ, ನೆಲದಿಂದ ಏರಿದ ತೇವ ಒಳಗೇ ಸಿಕ್ಕಿಕೊಂಡಿತು. ಐದನೇ ಮಳೆಗಾಲಕ್ಕೆ ಸಿಮೆಂಟು ಉಬ್ಬಿ ಹಲಗೆಯಂತೆ ಕಳಚಿಬಿತ್ತು, ಅದರ ಬೆನ್ನಿಗೆ ಬೆರಳಗಲ ಕಲ್ಲೂ ಅಂಟಿಕೊಂಡಿತ್ತು.