ಸರಪಳಿಯ ಕೆಳಗೆ ಬಾಗಿದ ನ್ಯಾಯಮೂರ್ತಿ

ಕರಿಯರಿಗೊಂದು ಶಾಲೆ, ಬಿಳಿಯರಿಗೊಂದು ಶಾಲೆ. ಎರಡೂ ಸಮಾನವಾಗಿದ್ದರೆ ತಪ್ಪೇನು? ಈ ವಾದ ಅಮೆರಿಕದ ದಕ್ಷಿಣ ರಾಜ್ಯಗಳ ಕೂಸು ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಆದರೆ ಅದು ಮೊದಲು ಕಾನೂನಿನ ಭಾಷೆ ಕಲಿತದ್ದು ಉತ್ತರದ ಬಾಸ್ಟನ್ನಿನಲ್ಲಿ, ಗುಲಾಮಗಿರಿಯನ್ನು ಹೇಸುತ್ತಿದ್ದ ಒಬ್ಬ ನ್ಯಾಯಮೂರ್ತಿಯ ಕೈಯಲ್ಲಿ.

ಲೆಮ್ಯುಯೆಲ್ ಶಾ ಹುಟ್ಟಿದ್ದು 1781ರಲ್ಲಿ, ಮ್ಯಾಸಚೂಸೆಟ್ಸ್‌ನ ಬಾರ್ನ್‌ಸ್ಟೆಬಲ್‌ನಲ್ಲಿ. ತಂದೆ ಪಾದ್ರಿ. ಹಾರ್ವರ್ಡ್‌ನಲ್ಲಿ ಓದಿ ಬಾಸ್ಟನ್ನಿನಲ್ಲಿ ವಕೀಲಿ ನಡೆಸಿದರು. 1830ರಲ್ಲಿ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದ ಮೇಲೆ ಮೂವತ್ತು ವರ್ಷ ಆ ಪೀಠ ಬಿಡಲಿಲ್ಲ. ರೈಲು, ಗಿರಣಿ, ಕೂಲಿ ಎಲ್ಲವೂ ಹೊಸದಾಗಿದ್ದ ಕಾಲ. 1842ರಲ್ಲೇ ಎರಡು ಮುಖ ತೋರಿಸಿದರು: ಬೂಟು ಹೊಲಿಯುವವರ ಸಂಘ ಕಟ್ಟುವುದೇ ಅಪರಾಧವಲ್ಲ ಎಂದರು, ಸಹೋದ್ಯೋಗಿಯ ತಪ್ಪಿನಿಂದ ಬಲಗೈ ಕಳೆದುಕೊಂಡ ರೈಲು ಚಾಲಕನಿಗೆ ಮಾತ್ರ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದರು. ಅಪಾಯಕ್ಕೆ ತಕ್ಕಂತೆ ಸಂಬಳ ಹೆಚ್ಚಿದೆಯಲ್ಲ, ಎಂಬುದು ತರ್ಕ! ಈ ತರ್ಕ ದಶಕಗಳ ಕಾಲ ಕಾರ್ಮಿಕರನ್ನು ಕಾಡಿತು.

ಗುಲಾಮಗಿರಿಯ ವಿಷಯದಲ್ಲಿ ಅವರ ಮೊದಲ ದೊಡ್ಡ ತೀರ್ಪು 1836ರದ್ದು. ನ್ಯೂ ಆರ್ಲಿಯನ್ಸ್‌ನ ಒಡತಿಯೊಬ್ಬಳು ಬಾಸ್ಟನ್ನಿಗೆ ಬರುವಾಗ ಮೆಡ್ ಎಂಬ ಆರು ವರ್ಷದ ಹುಡುಗಿಯನ್ನು ಜೊತೆಗೆ ಕರೆತಂದಿದ್ದಳು. ಒಡೆಯರೇ ಕರೆತಂದ ಗುಲಾಮರು ಈ ನೆಲದಲ್ಲಿ ಗುಲಾಮರಲ್ಲ ಎಂದು ಶಾ ಅವಳನ್ನು ಬಿಡಿಸಿದರು. ಆದರೆ ಒಂದು ಬಾಗಿಲು ಮುಚ್ಚಿಟ್ಟರು: ತಪ್ಪಿಸಿಕೊಂಡು ಬಂದವರಿಗೆ ಇದು ಅನ್ವಯಿಸದು, ಅವರನ್ನು ಒಡೆಯರಿಗೆ ಮರಳಿಸಬೇಕೆಂದು ಸಂವಿಧಾನವೇ ಹೇಳಿದೆ ಎಂದರು.

ಆ ಬಾಗಿಲಿನ ಮುಂದೆ 1851ರ ಏಪ್ರಿಲ್‌ನಲ್ಲಿ ನಿಂತವನು ಜಾರ್ಜಿಯಾದಿಂದ ಓಡಿಬಂದ ಥಾಮಸ್ ಸಿಮ್ಸ್. ಜನ ನುಗ್ಗಿ ಬಿಡಿಸಿಕೊಂಡಾರೆಂದು ಅಧಿಕಾರಿಗಳು ಕೋರ್ಟಿನ ಕಟ್ಟಡದ ಸುತ್ತ ಸರಪಳಿ ಬಿಗಿದಿದ್ದರು. ಮುಖ್ಯ ನ್ಯಾಯಮೂರ್ತಿಯೂ ಅದರ ಕೆಳಗೆ ಬಾಗಿಯೇ ಒಳಹೋಗಬೇಕಾಯಿತು. ಸಿಮ್ಸ್‌ನನ್ನು ಬಿಡಿಸಲು ಅವರು ಒಪ್ಪಲಿಲ್ಲ. ಹಡಗು ಅವನನ್ನು ಮತ್ತೆ ಜಾರ್ಜಿಯಾದ ಸವಾನ್ನಾಕ್ಕೆ ಒಯ್ದಿತು.

ಆದರೆ ಇದಕ್ಕೂ ಹೆಚ್ಚು ದೂರ ಹೋದದ್ದು ಅದರ ಹಿಂದಿನ ವರ್ಷದ ಒಂದು ತೀರ್ಪು. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕರಿಯ ಹುಡುಗಿಗೆ ಮನೆ ಹತ್ತಿರದ ಶಾಲೆ ಸೀಟು ಕೊಡಲಿಲ್ಲ. ಬಿಳಿಯರ ಶಾಲೆಗಳನ್ನು ದಾಟಿ ಕರಿಯರ ಶಾಲೆಗೆ ನಡೆಯಬೇಕಿತ್ತು. ತಂದೆ, ಮುದ್ರಕ ಬೆಂಜಮಿನ್, ಕೋರ್ಟಿಗೆ ಹೋದರು. ವಾದಿಸಿದವರು ಚಾರ್ಲ್ಸ್ ಸಮ್ನರ್, ಜೊತೆಗೆ ಕರಿಯ ವಕೀಲ ರಾಬರ್ಟ್ ಮಾರಿಸ್. ಬೇರ್ಪಡಿಸುವುದೇ ಕೀಳುಮಾಡುವುದು ಎಂದು ಸಮ್ನರ್ ಪಟ್ಟುಹಿಡಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಶಾ ಒಪ್ಪಿದರು, ಆದರೆ ಯಾರು ಎಲ್ಲಿ ಓದಬೇಕೆಂಬುದು ಶಾಲಾ ಸಮಿತಿಯ ವಿವೇಚನೆ ಎಂದರು. ಪೂರ್ವಗ್ರಹ ಇದ್ದರೂ ಅದು ಕಾನೂನು ಹುಟ್ಟಿಸಿದ್ದಲ್ಲ, ಬಹುಶಃ ಕಾನೂನಿನಿಂದ ಬದಲಾಗುವುದೂ ಇಲ್ಲ ಎಂದೂ ಬರೆದರು. ಪೂರ್ವಗ್ರಹದ ಮಾತು ಬಿಡಿ, ಬೇರ್ಪಡಿಕೆಯನ್ನು ಬದಲಿಸಲು ಕಾನೂನಿಗೆ ಹಿಡಿದದ್ದು ಐದೇ ವರ್ಷ: ಕರಿಯ ಹೋರಾಟಗಾರ ವಿಲಿಯಂ ನೆಲ್ ಮತ್ತು ಕರಿಯ ಪೋಷಕರ ಹೋರಾಟದಿಂದ 1855ರಲ್ಲಿ ರಾಜ್ಯದ ಶಾಸನಸಭೆ ಶಾಲೆಗಳಲ್ಲಿ ಬೇರ್ಪಡಿಕೆಯನ್ನು ನಿಷೇಧಿಸಿತು.

ರಾಜ್ಯ ಕೈಬಿಟ್ಟ ತೀರ್ಪನ್ನು ದೇಶ ಎತ್ತಿಕೊಂಡಿತು. 1896ರಲ್ಲಿ, ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಬೋಗಿ ಎಂಬ ಲೂಯಿಸಿಯಾನದ ಕಾನೂನಿನ ಮೇಲಿನ ಪ್ಲೆಸ್ಸಿ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಶಾ ಮಾತುಗಳನ್ನೇ ಉಲ್ಲೇಖಿಸಿ ಬೇರ್ಪಡಿಕೆಗೆ ಮುದ್ರೆ ಒತ್ತಿತು. ಅಷ್ಟರಲ್ಲಿ ಶಾ ತೀರಿಕೊಂಡು 35 ವರ್ಷ. 1861ರ ಮಾರ್ಚ್‌ನಲ್ಲಿ, ಅಂತರ್ಯುದ್ಧದ ಮೊದಲ ಗುಂಡಿಗೆ ಎರಡು ವಾರವಷ್ಟೇ ಮೊದಲು ಹೋಗಿದ್ದರು. 1954ರಲ್ಲಿ ಬ್ರೌನ್ ಪ್ರಕರಣದಲ್ಲಿ ಶಾಲೆಗಳ ಬೇರ್ಪಡಿಕೆಯನ್ನು ರದ್ದುಮಾಡಿದಾಗ, ಆ ಸಿದ್ಧಾಂತ ಎಲ್ಲಿಂದ ಬಂತೆಂದು ನ್ಯಾಯಾಲಯ ಅಡಿಟಿಪ್ಪಣಿಯಲ್ಲಿ ಹೇಳಿತು: ಬಾಸ್ಟನ್ನಿನ ರಾಬರ್ಟ್ಸ್ ಪ್ರಕರಣದಿಂದ.