ಗಾಳಿ ಕುಡಿಯುವ ಬಣ್ಣ

ಆಯಿಲ್ ಪೇಂಟಿಂಗ್ ಮುಗಿಸಿ ಫ್ಯಾನಿನ ಕೆಳಗಿಟ್ಟು 'ಎಣ್ಣೆ ಆರಲಿ' ಅಂತ ಕಾಯುವವರನ್ನು ನೋಡಿದರೆ ನನಗೆ ಸುಮ್ನೆ ಇರಲಾಗುವುದಿಲ್ಲ. ಎಣ್ಣೆ ಎಲ್ಲಾದರೂ ಆರುತ್ತದೆಯೇ? ಜಲವರ್ಣದಲ್ಲಿ ನೀರು ಆವಿಯಾಗುತ್ತದೆ, ಬಣ್ಣ ಕಾಗದಕ್ಕೆ ಅಂಟಿ ಉಳಿಯುತ್ತದೆ, ಅಷ್ಟೇ. ಎಣ್ಣೆ ಬಣ್ಣವನ್ನು ತೆಳುವಾಗಿಸಲು ಬೆರೆಸಿದ ಟರ್ಪೆಂಟೈನ್ ಹಾರಿಹೋಗುತ್ತದೆ, ನಿಜ. ಎಣ್ಣೆ ಹೋಗುವುದಿಲ್ಲ. ಈ ಬಣ್ಣಗಳನ್ನು ಹೆಚ್ಚಾಗಿ ಅರೆಯುವುದು ಅಗಸೆ ಎಣ್ಣೆಯಲ್ಲಿ. ಗಾಜಿನ ಮೇಲೆ ತೆಳುವಾಗಿ ಸವರಿದ ಆ ಎಣ್ಣೆ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ, ಅಷ್ಟರಲ್ಲಿ ಅದರ ತೂಕ ಕಡಿಮೆಯಾಗುವ ಬದಲು ಜಾಸ್ತಿ ಆಗಿರುತ್ತದೆ! ಹೆಚ್ಚಿದ್ದು ಗಾಳಿಯಿಂದ ಬಂದ ಆಮ್ಲಜನಕ.

ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸೆ ಬೀಜದ ಎಣ್ಣೆ ಇದು. ಇದರ ಸುಮಾರು ಅರ್ಧ ಭಾಗ ಲಿನೋಲೆನಿಕ್ ಆಮ್ಲ. ಆ ಆಮ್ಲದ ಉದ್ದನೆಯ ಇಂಗಾಲದ ಸರಪಳಿಯಲ್ಲಿ 3 ಕಡೆ ಜೋಡಿ ಬಂಧಗಳಿವೆ, ಅಂದರೆ ಅಲ್ಲಿ ಅಕ್ಕಪಕ್ಕದ ಇಂಗಾಲಗಳು ಒಂದರ ಬದಲು ಎರಡು ಕೊಂಡಿಗಳಿಂದ ಸೇರಿವೆ. ಎರಡು ಜೋಡಿ ಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಬಳಿ ಇರುವ ಜಲಜನಕ ಸುಲಭವಾಗಿ ಕಳಚಿಕೊಳ್ಳುತ್ತದೆ. ಆ ಸರಪಳಿಗೆ ಆಮ್ಲಜನಕ ಬಂದು ಸೇರುತ್ತದೆ, ಆಮೇಲೆ ಅದು ಪಕ್ಕದ ಸರಪಳಿಯನ್ನು ಹಿಡಿದುಕೊಳ್ಳುತ್ತದೆ. ಜಡೆ ಕೋಲಾಟದ ಹಗ್ಗಗಳಂತೆ ಎಲ್ಲವೂ ಹೆಣೆದುಕೊಳ್ಳುತ್ತವೆ. ಆದರೆ ಕೋಲಾಟದವರು ಉಲ್ಟಾ ಹೆಜ್ಜೆ ಹಾಕಿ ಜಡೆ ಬಿಚ್ಚುತ್ತಾರೆ, ಇಲ್ಲಿ ಉಲ್ಟಾ ಹೆಜ್ಜೆಯೇ ಇಲ್ಲ. ಕೊಬ್ಬರಿ ಎಣ್ಣೆಯಲ್ಲಿ ಜೋಡಿ ಬಂಧಗಳು ತೀರಾ ಕಡಿಮೆ. ಅದರಲ್ಲಿ ಬಣ್ಣ ಅರೆದರೆ ಎಷ್ಟು ಕಾದರೂ ಕೈಗೆ ಮೆತ್ತಿಕೊಳ್ಳುತ್ತದೆ.

ಎಣ್ಣೆ ಬಣ್ಣವನ್ನು ಕಂಡುಹಿಡಿದಿದ್ದು 15ನೇ ಶತಮಾನದ ಯುರೋಪಿನ ಚಿತ್ರಕಾರ ಯಾನ್ ವಾನ್ ಐಕ್ ಅಂತ ಈಗಲೂ ಹೇಳುವವರಿದ್ದಾರೆ. ಕಲಾವಿದರ ಜೀವನಚರಿತ್ರೆ ಬರೆದ ಇಟಲಿಯ ವಸಾರಿ 1550ರಲ್ಲಿ ಹಾಗೆ ಬರೆದ, ಜನ ನಂಬಿದರು. ಆದರೆ ವಾನ್ ಐಕ್‌ಗಿಂತ ಸುಮಾರು 300 ವರ್ಷ ಮೊದಲೇ ಥಿಯೋಫಿಲಸ್ ಎಂಬ ಸಂನ್ಯಾಸಿ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವುದನ್ನು ಬರೆದಿಟ್ಟಿದ್ದ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಕಥೆ ಇನ್ನೂ ಹಳೆಯದು. 2001ರಲ್ಲಿ ತಾಲಿಬಾನ್ ಸ್ಫೋಟಿಸಿತಲ್ಲ, ಆ ಬುದ್ಧರಿದ್ದ ಬಂಡೆಯ ಗುಹೆಗಳು. ಅಲ್ಲಿನ 7ನೇ ಶತಮಾನದ ಭಿತ್ತಿಚಿತ್ರಗಳಲ್ಲಿ ಇಂಥದೇ ಗಟ್ಟಿಯಾಗುವ ಎಣ್ಣೆ ಇದೆ ಅಂತ 2008ರಲ್ಲಿ ಗೊತ್ತಾಯಿತು. ವಾನ್ ಐಕ್‌ನದು ಅದ್ಭುತ ಕೈಚಳಕ, ಒಪ್ಪೋಣ. ಆವಿಷ್ಕಾರ ಅವನದಲ್ಲ.

ಮೇಲ್ಮೈ ಕೈಗೆ ಅಂಟದಂತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ಹೆಣಿಗೆ ದಶಕಗಳ ಕಾಲ ನಡೆಯುತ್ತದೆ. ಅದಕ್ಕೇ ಕಲಾವಿದರು ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಹಾಕುತ್ತಾರೆ. ತಿರುಗಾಮುರುಗಾ ಮಾಡಿದರೆ ಮೇಲಿನ ಪದರ ಮೊದಲು ಬಿಗಿಯುತ್ತದೆ, ಕೆಳಗಿನದು ಆಮೇಲೂ ಅಲುಗುತ್ತಿರುತ್ತದೆ, ಚಿತ್ರ ಬಿರುಕು ಬಿಡುತ್ತದೆ.

ಇನ್ನೊಂದು ವಿಷಯ. ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಕ್ಯಾನ್ವಾಸಿನ ಮೇಲೆ ಅದು ಗೊತ್ತೇ ಆಗುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಹತ್ತಿಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಮಾತ್ರ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಬಿಸಿಯಾದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ, ಕೊನೆಗೆ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರವಿ, ಇಲ್ಲವೇ ನೀರಿರುವ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.