ಓದುಗರ ಪ್ರಶ್ನೆ: ರಷ್ಯಾದ ಹುಡುಗ ಹುಡುಗಿಯರಿಗೆ ಹೀರೋ ಯಾರು?

ಪ್ರಶ್ನೆ: ನಮ್ಮ ಅಣ್ಣನ ಮಗಳು ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳ ಜೊತೆ ಅಲ್ಲಿನ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ಹೀರೋ ಅಂದರೆ ಯಾರು? ಪುಟಿನ್ನಾ, ಸ್ಟಾಲಿನ್ನಾ, ಇಲ್ಲಾ ನಮ್ಮ ಮಕ್ಕಳ ಹಾಗೆ ಯೂಟ್ಯೂಬ್‌ನವರಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರು ಒಂದು ಹೆಸರು ಹೇಳಿ ಸಾಕು ಅನ್ನುತ್ತಾರೆ. ಒಂದೇ ಹೆಸರು ಬೇಕೇ ಬೇಕು ಅಂದರೆ ಯೂರಿ ಗಗಾರಿನ್ ಅಂತ ಬರೆದುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ ಕೊಟ್ಟ ಹಾಗೆ. ಯಾಕೆಂದರೆ ರಷ್ಯಾದಲ್ಲಿ ನೀವು ಯಾವ ಪದ ಬಳಸಿ ಕೇಳುತ್ತೀರೋ ಅದರ ಮೇಲೆ ಬರುವ ಹೆಸರು ಬದಲಾಗುತ್ತದೆ.

ನಾವು 'ಹೀರೋ' ಅನ್ನುವ ಒಂದೇ ಪದದಲ್ಲಿ ಎಲ್ಲ ಮುಗಿಸುತ್ತೇವೆ. ಸಿನಿಮಾದವನೂ ಹೀರೋ, ಗಡಿ ಕಾಯುವವನೂ ಹೀರೋ. ರಷ್ಯನ್‌ನಲ್ಲಿ ಹಾಗಿಲ್ಲ. 'ಗೆರೋಯ್' ಅಂದರೆ ಹೀರೋ ಹೌದು, ಆದರೆ ಕಿವಿಗೆ ಬಿದ್ದ ಕೂಡಲೇ ಎದೆಯ ಮೇಲಿನ ಚಿನ್ನದ ನಕ್ಷತ್ರ ನೆನಪಾಗುತ್ತದೆ. 1934ರಲ್ಲಿ ಶುರುವಾದ 'ಸೋವಿಯತ್ ಒಕ್ಕೂಟದ ಹೀರೋ' ಬಿರುದು ಆ ಪದಕ್ಕೆ ಸರಕಾರಿ ಮೊಹರು ಒತ್ತಿಬಿಟ್ಟಿದೆ. ಇನ್ನೊಂದು ಪದ 'ಕುಮೀರ್'. ಹಾಡುಗಾರ, ಆಟಗಾರ, ನಟ, ಹೀಗೆ ಹುಚ್ಚು ಹತ್ತಿಸಿದವರಿಗೆ ಈ ಮಾತು. ಮೂಲದಲ್ಲಿ ಇದರ ಅರ್ಥ ಪೂಜೆಯ ವಿಗ್ರಹ. ವಿಗ್ರಹ ಮಾಡಿಕೊಳ್ಳಬೇಡ ಅನ್ನುವ ಬೈಬಲ್ ಆಜ್ಞೆ ಅಲ್ಲಿ ಗಾದೆಯ ಹಾಗೆ ಬಳಕೆಯಲ್ಲಿದೆ. ಹಾಗಾಗಿ 'ನಿನ್ನ ಕುಮೀರ್ ಯಾರು' ಅಂತ ಕೇಳಿದರೆ ಹೆಸರಿನ ಬದಲು ಆ ಗಾದೆಯೇ ಉತ್ತರವಾಗಿ ಬರಬಹುದು. ಮೂರನೆಯದು 'ಪ್ರಿಮೇರ್', ಅಂದರೆ ಮಾದರಿ, ಹೀಗೆ ಬದುಕಬೇಕು ಅನ್ನಿಸುವವರು.

ಈಗ ಸ್ಟಾಲಿನ್ ವಿಷಯ. ಮಾಸ್ಕೋದ ಲೆವಾಡಾ ಸೆಂಟರ್ ಅನ್ನುವ ಸಂಸ್ಥೆ ಕೆಲವು ವರ್ಷಕ್ಕೊಮ್ಮೆ ಜನರನ್ನು ಕೇಳುತ್ತದೆ: ಎಲ್ಲ ಕಾಲದ, ಎಲ್ಲ ದೇಶಗಳ ಅತಿ ದೊಡ್ಡ ವ್ಯಕ್ತಿಗಳು ಯಾರು? 1989ರಲ್ಲಿ ಲೆನಿನ್‌ಗೆ ನೂರಕ್ಕೆ 72 ಜನ, ಸ್ಟಾಲಿನ್‌ಗೆ ಬರೀ 12. 2017ಕ್ಕೆ ಲೆಕ್ಕ ತಲೆಕೆಳಗಾಗಿತ್ತು. ಸ್ಟಾಲಿನ್ 38, ಪುಟಿನ್ 34. ಅವರಿಗೆ ಸರಿಸಮವಾಗಿ 34 ಪಡೆದವರು 1837ರಲ್ಲಿ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಸತ್ತ ಕವಿ ಪುಷ್ಕಿನ್! ಕವಿಗೂ ಅಧ್ಯಕ್ಷರಿಗೂ ಸಮ ಓಟು ಬೀಳುವ ದೇಶ ಅದು. 2021ರಲ್ಲೂ ಸ್ಟಾಲಿನ್ನೇ ಮೊದಲು.

ಈ ಅಂಕಿ ನೋಡಿ ರಷ್ಯಾದ ಯುವಕರೆಲ್ಲ ಸ್ಟಾಲಿನ್ ಭಕ್ತರು ಅಂದುಕೊಂಡರೆ ತಪ್ಪಾಗುತ್ತದೆ. ಒಂದು, ಉತ್ತರ ಕೊಟ್ಟವರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. ಎರಡು, ಕೇಳಿದ್ದು 'ದೊಡ್ಡ ವ್ಯಕ್ತಿ ಯಾರು' ಅಂತ, 'ಯಾರ ಹಾಗೆ ಆಗಬೇಕು' ಅಂತ ಅಲ್ಲ. ಎಷ್ಟೋ ಹುಡುಗರಿಗೆ ಸ್ಟಾಲಿನ್ ಅಂದರೆ ಯುದ್ಧ ಗೆದ್ದಾಗ ಗದ್ದುಗೆಯಲ್ಲಿ ಇದ್ದವನು, ಅಷ್ಟೇ. ಅವನ ಕಾಲದ ಜೈಲು, ಗಡಿಪಾರು, ಗುಂಡಿನ ಕಥೆ ಕಿವಿಗೇ ಬಿದ್ದಿಲ್ಲದವರೂ ಬೇಕಾದಷ್ಟಿದ್ದಾರೆ. ಯೂರಿ ದೂದ್ ಅನ್ನುವ ಪತ್ರಕರ್ತ 2019ರಲ್ಲಿ, ದೇಶದ ಪೂರ್ವದ ತುದಿಯ ಕೊಲಿಮಾದಲ್ಲಿದ್ದ ಸ್ಟಾಲಿನ್ ಕಾಲದ ಕೈದಿಗಳ ಶಿಬಿರಗಳ ಬಗ್ಗೆ ಯೂಟ್ಯೂಬ್‌ನಲ್ಲಿ ಡಾಕ್ಯುಮೆಂಟರಿ ಹಾಕಿದ್ದು ಇದೇ ಕಾರಣಕ್ಕೆ. ಅದನ್ನು ಕೋಟಿಗಟ್ಟಲೆ ಸಲ ನೋಡಿದರು. ಯೂಟ್ಯೂಬ್‌ನವರಾ ಅಂತ ಕೇಳಿದಿರಲ್ಲ, ಅವರಲ್ಲಿ ಇಂಥವರೂ ಇದ್ದಾರೆ. 2022ರಲ್ಲಿ ಸರಕಾರ ದೂದ್‌ಗೆ 'ವಿದೇಶಿ ಏಜೆಂಟ್', ಅಂದರೆ ಹೊರದೇಶದವರ ಪರ ಕೆಲಸ ಮಾಡುವವನು ಅನ್ನುವ ಹಣೆಪಟ್ಟಿ ಹಚ್ಚಿತು. ಲೆವಾಡಾ ಸೆಂಟರ್‌ಗೆ ಅದು 2016ರಲ್ಲೇ ಸಿಕ್ಕಿತ್ತು.

ಗಗಾರಿನ್ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡೋಣ. ಇಪ್ಪತ್ತನೇ ಶತಮಾನದ ಕುಮೀರ್ ಯಾರು ಅಂತ ಕೇಳಿದ ಸಮೀಕ್ಷೆಗಳಲ್ಲಿ ಮೇಲೆ ಕೂರುವುದು ಅವರೇ. ಯಾಕೆ? ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಅನ್ನುವುದು ಒಂದು ಕಾರಣ ಮಾತ್ರ.

ಸ್ಮೊಲೆನ್ಸ್ಕ್ ಪ್ರಾಂತ್ಯದ ಕ್ಲುಶಿನೊ ಅನ್ನುವ ಹಳ್ಳಿ, 1934. ಅಪ್ಪ ಬಡಗಿ. ಅಮ್ಮ ಸಾಮೂಹಿಕ ಜಮೀನಿನಲ್ಲಿ ಹಸುಗಳನ್ನು ನೋಡಿಕೊಳ್ಳುತ್ತಿದ್ದರು. ಜರ್ಮನರು ಊರು ಹಿಡಿದಾಗ ಮನೆಯನ್ನೂ ಕಿತ್ತುಕೊಂಡರು. ಹಿತ್ತಲಲ್ಲಿ ನೆಲ ಅಗೆದು ಗುಡಿಸಲಿನಂಥದ್ದು ಮಾಡಿಕೊಂಡು ಸಂಸಾರ ಅದರಲ್ಲೇ ದಿನ ದೂಡಿತು. ಅಣ್ಣನನ್ನೂ ಅಕ್ಕನನ್ನೂ ಜೀತಕ್ಕೆ ಎಳೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಹುಡುಗ ಮಾಸ್ಕೋ ಪಕ್ಕದ ಲ್ಯುಬೆರ್ತ್ಸಿಯಲ್ಲಿ ಎರಕದ ಕೆಲಸ ಕಲಿತ. ಆಮೇಲೆ ಸರಾತೊವ್‌ನಲ್ಲಿ ತಾಂತ್ರಿಕ ಶಾಲೆ, ಅಲ್ಲೇ ವಿಮಾನ ಕ್ಲಬ್ಬು. ಎತ್ತರ ಐದಡಿ ಎರಡಿಂಚು, ಅಷ್ಟೇ. ವಸ್ತೋಕ್ ನೌಕೆಯ ಒಳಗೆ ಜಾಗ ಕಡಿಮೆ, ಹಾಗಾಗಿ ಕುಳ್ಳಗಿದ್ದದ್ದೇ ಒಳ್ಳೆಯದಾಯಿತು.

1961ರ ಏಪ್ರಿಲ್ 12. 108 ನಿಮಿಷದ ಪಯಣ. ಹೊರಡುವಾಗ ಅವರು ಹೇಳಿದ್ದು 'ಪೊಯೆಹಲಿ', ಅಂದರೆ 'ಹೊರಟ್ವಿ'. ಭಾಷಣ ಇಲ್ಲ, ಘೋಷಣೆ ಇಲ್ಲ. ಗಾಡಿ ಹತ್ತಿದವರು ಹೇಳುವ ಮಾತು. ಈಗಲೂ ರಷ್ಯನ್ನರು ಯಾವುದಾದರೂ ಕೆಲಸ ಶುರು ಮಾಡುವಾಗ ಆ ಪದ ಹೇಳಿ ನಗುತ್ತಾರೆ. ಇಳಿದದ್ದು ವೋಲ್ಗಾ ನದಿಯ ಹತ್ತಿರ ಒಂದು ಹೊಲದಲ್ಲಿ. ಮೊದಲು ಕಂಡವರು ಹೊಲದಲ್ಲಿದ್ದ ಒಬ್ಬ ಅಜ್ಜಿ ಮತ್ತು ಅವರ ಪುಟ್ಟ ಮೊಮ್ಮಗಳು. ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ ನೋಡಿ ಇಬ್ಬರೂ ಹೆದರಿದರಂತೆ. ನಾನು ನಿಮ್ಮವನೇ ಅಂತ ಗಗಾರಿನ್ನೇ ಕೂಗಿ ಹೇಳಬೇಕಾಯಿತು. ಅವರು ನೌಕೆಯ ಒಳಗೇ ಕೂತು ಇಳಿದಿರಲಿಲ್ಲ. ಏಳು ಕಿಲೋಮೀಟರ್ ಎತ್ತರದಲ್ಲಿ ಹೊರಗೆ ಚಿಮ್ಮಿ ಪ್ಯಾರಾಶೂಟ್‌ನಲ್ಲಿ ಬಂದಿದ್ದರು. ನೌಕೆಯಲ್ಲೇ ಇಳಿದರೆ ಮಾತ್ರ ದಾಖಲೆ ಅನ್ನುವ ನಿಯಮ ಇತ್ತು, ಅದು ಕೈತಪ್ಪಬಾರದು ಅಂತ ಸೋವಿಯತ್ ಸರಕಾರ ಇದನ್ನು ಎಷ್ಟೋ ವರ್ಷ ಮುಚ್ಚಿಟ್ಟಿತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ರಾಕೆಟ್ ಹಿಂದಿದ್ದ ಮುಖ್ಯ ಎಂಜಿನಿಯರ್ ಸೆರ್ಗೈ ಕೊರೊಲೆವ್. 1938ರಲ್ಲಿ ಸ್ಟಾಲಿನ್ ಪೊಲೀಸರು ಸುಳ್ಳು ಆರೋಪದ ಮೇಲೆ ಅವರನ್ನು ಹಿಡಿದು, ಕೊಲಿಮಾದ ಚಿನ್ನದ ಗಣಿಗೆ ಕಳಿಸಿದ್ದರು. ಬದುಕಿ ಬಂದದ್ದೇ ಹೆಚ್ಚು. ಗಗಾರಿನ್ ಹೆಸರು ಲೋಕದ ಬಾಯಲ್ಲೆಲ್ಲ ಇದ್ದಾಗ ಕೊರೊಲೆವ್ ಹೆಸರು ಸರಕಾರಿ ಗುಟ್ಟು. 1966ರಲ್ಲಿ ಅವರು ತೀರಿಕೊಂಡ ಮೇಲೆಯೇ ಜನರಿಗೆ ಗೊತ್ತಾಗಿದ್ದು. ಒಂದು ಪಟ್ಟಿಯಲ್ಲಿ ಸ್ಟಾಲಿನ್ ಮೊದಲು, ಇನ್ನೊಂದು ಪಟ್ಟಿಯಲ್ಲಿ ಗಗಾರಿನ್ ಮೊದಲು. ಗಗಾರಿನ್‌ರನ್ನು ಮೇಲೆ ಕಳಿಸಿದ ಮನುಷ್ಯನನ್ನು ಗಣಿಗೆ ತಳ್ಳಿದ್ದು ಸ್ಟಾಲಿನ್ ಕಾಲ. ಇವೆರಡೂ ಒಂದೇ ತಲೆಯಲ್ಲಿ ಇರಬಲ್ಲವು, ಅದೇ ನೋಡಿ ಆಶ್ಚರ್ಯ.

ನನಗನ್ನಿಸುವುದು, ಗಗಾರಿನ್ ಎಲ್ಲರಿಗೂ ಒಗ್ಗುವುದಕ್ಕೆ ಮುಖ್ಯ ಕಾರಣ ಅವರ ಗೆಲುವಿನಲ್ಲಿ ಯಾರೂ ಸಾಯಲಿಲ್ಲ. ಕಮ್ಯುನಿಸ್ಟ್ ಅಜ್ಜನಿಗೂ ಆತ ನಮ್ಮವನು, ಸರಕಾರ ಕಂಡರಾಗದ ಮೊಮ್ಮಗನಿಗೂ ನಮ್ಮವನು. ಇನ್ನೊಂದು ಕಾರಣ ಹೇಳುವುದಕ್ಕೆ ಕಷ್ಟವಾಗುತ್ತದೆ. 1968ರ ಮಾರ್ಚ್‌ನಲ್ಲಿ ತರಬೇತಿ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 34 ವರ್ಷ. ಮುಪ್ಪಾಗಲಿಲ್ಲ, ಈಗಿನ ರಾಜಕೀಯಕ್ಕೆ ಸಿಕ್ಕಿಕೊಳ್ಳಲಿಲ್ಲ. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂಟಿನಾ ತೆರೆಶ್ಕೋವಾ 1963ರಲ್ಲಿ ಹಾರಿದವರು. ಮುಂದೆ ಸಂಸತ್ತಿಗೆ ಬಂದರು. 2020ರಲ್ಲಿ, ಪುಟಿನ್ ಇಷ್ಟು ವರ್ಷ ಆಳಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಚುನಾವಣೆಗೆ ನಿಲ್ಲಲು ಬಿಡೋಣ ಅಂತ ಎದ್ದು ನಿಂತು ಸೂಚಿಸಿದವರು ಅವರೇ. ಅಲ್ಲಿಯವರೆಗೆ ಅವರನ್ನು ಮೆಚ್ಚುತ್ತಿದ್ದ ಎಷ್ಟೋ ಹುಡುಗಿಯರಿಗೆ ಅವತ್ತು ಬೇಸರವಾಯಿತು.

ಗಗಾರಿನ್ ನೆರಳು ಬೆಂಗಳೂರಿನವರೆಗೂ ಚಾಚಿದೆ. ಇಸ್ರೋದ ಗಗನಯಾನಕ್ಕೆ ಆರಿಸಿದ ನಾಲ್ವರು ಪೈಲಟ್‌ಗಳು 2020–21ರಲ್ಲಿ ತರಬೇತಿ ಪಡೆದದ್ದು ಮಾಸ್ಕೋ ಹತ್ತಿರ ಅವರ ಹೆಸರಿನಲ್ಲೇ ಇರುವ ಕೇಂದ್ರದಲ್ಲಿ. ಬೈಕನೂರಿಗೆ ಹೋಗಿ ರಾಕೆಟ್ ಹತ್ತುವವರಿಗೆ ಇನ್ನೂ ಒಂದು ಶಾಸ್ತ್ರ ಇದೆ. ದಾರಿಯಲ್ಲಿ ಬಸ್ ನಿಲ್ಲಿಸಿ ಹಿಂದಿನ ಬಲಗಡೆ ಟೈರಿಗೆ ಮೂತ್ರ ಮಾಡುವುದು. ಗಗಾರಿನ್ ಹಾಗೆ ಮಾಡಿದ್ದರು ಅಂತ. (ಹೆಂಗಸರಿಗೆ ವಿನಾಯಿತಿ ಇದೆ.)

ಸರಕಾರ ಹೀರೋ ಮಾಡಲು ಹೊರಟು ಕೈಸುಟ್ಟುಕೊಂಡ ಕಥೆಗಳೂ ಇವೆ. 1935ರ ಆಗಸ್ಟ್ ಕೊನೆಯಲ್ಲಿ ದೊನ್‌ಬಾಸ್‌ನ ಗಣಿಯಲ್ಲಿ ಅಲೆಕ್ಸೈ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ, ನಿಗದಿಗಿಂತ 14 ಪಟ್ಟು. ದೇಶಕ್ಕೆಲ್ಲ ಅವನನ್ನು ನೋಡಿ ಕಲಿಯಿರಿ ಅಂದರು. ಹಿಂದೆ ನಿಂತು ಮರದ ಆಸರೆ ಕೊಡುತ್ತಿದ್ದ ಸಂಗಾತಿಗಳ ಹೆಸರು ಆ ಲೆಕ್ಕದಲ್ಲಿ ಬರಲಿಲ್ಲ. ಈಗಿನ ಹುಡುಗರು ಆ ಹೆಸರನ್ನು ಆಫೀಸಿನಲ್ಲಿ ಮೈಮುರಿದು ದುಡಿಯುವವನನ್ನು ಗೇಲಿ ಮಾಡಲು ಬಳಸುತ್ತಾರೆ. ಅಪ್ಪನ ಮೇಲೇ ದೂರು ಕೊಟ್ಟ ಅಂತ ಮೆರೆಸಿದ ಪಾವ್ಲಿಕ್ ಮೊರೊಜೊವ್ ಹೆಸರಂತೂ ಚಾಡಿಕೋರ ಅನ್ನುವ ಬೈಗುಳವಾಗಿದೆ. ಅವನು 1932ರಲ್ಲಿ ಕೊಲೆಯಾದ ಹುಡುಗ, ಪಾಪ. ಇನ್ನೂ ಮನಸ್ಸಿನಲ್ಲಿ ಉಳಿದವಳು ಜರ್ಮನರ ವಿರುದ್ಧ ಗೆರಿಲ್ಲಾ ಆಗಿ ಹೋರಾಡಿದ ಜೋಯಾ ಕೊಸ್ಮೊದೆಮ್ಯಾನ್ಸ್ಕಾಯಾ. 1941ರ ನವೆಂಬರ್‌ನಲ್ಲಿ ಜರ್ಮನರು ಗಲ್ಲಿಗೇರಿಸಿದಾಗ ಅವಳಿಗೆ 18.

ಯುದ್ಧದ ವಿಷಯದಲ್ಲಿ ರಷ್ಯನ್ನರಿಗೆ ಹೀರೋ ಅನ್ನುವುದು ಮನೆಯ ಮಾತು. ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡ ಯುದ್ಧ ಅದು. ಒಬ್ಬರೂ ಹೋಗದ ಮನೆ ಹುಡುಕಿದರೂ ಸಿಗುವುದು ಕಷ್ಟ. 2012ರಲ್ಲಿ ಸೈಬೀರಿಯಾದ ತೋಮ್ಸ್ಕ್ ನಗರದಲ್ಲಿ ಮೂವರು ಪತ್ರಕರ್ತರು ಒಂದು ಮೆರವಣಿಗೆ ಶುರು ಮಾಡಿದರು. ಮೇ 9ರ ವಿಜಯ ದಿನ ಎಲ್ಲರೂ ತಮ್ಮ ಮನೆಯ ಅಜ್ಜನದೋ ಮುತ್ತಜ್ಜಿಯದೋ ಫೋಟೋ ಹಿಡಿದು ನಡೆಯುವುದು. ಹೆಸರು 'ಅಮರ ದಳ'. ಭಾಷಣ, ಪಕ್ಷದ ಬಾವುಟ ಬೇಡ ಅಂತ ಅವರ ನಿಯಮ. ಮೂರೇ ವರ್ಷದಲ್ಲಿ ಅದು ದೇಶವೆಲ್ಲ ಹರಡಿತು. 2015ರಲ್ಲಿ ಪುಟಿನ್ ತಮ್ಮ ತಂದೆಯ ಫೋಟೋ ಹಿಡಿದು ಮಾಸ್ಕೋದಲ್ಲಿ ನಡೆದರು. ಅಲ್ಲಿಂದ ಅದು ಸರಕಾರಿ ಹಬ್ಬ.

2022ರಲ್ಲಿ ಉಕ್ರೇನ್ ಮೇಲೆ ದಂಡೆತ್ತಿ ಹೋದ ಮೇಲೆ ಸರಕಾರವೇ ಹೀರೋಗಳನ್ನು ಕೊಡುವ ಪ್ರಯತ್ನ ಜಾಸ್ತಿಯಾಗಿದೆ. ಆ ವರ್ಷದ ಸೆಪ್ಟೆಂಬರ್‌ನಿಂದ ಶಾಲೆಗಳಲ್ಲಿ ಪ್ರತಿ ಸೋಮವಾರ ದೇಶಪ್ರೇಮದ ಪಾಠ. 'ಹೀರೋನ ಡೆಸ್ಕ್' ಅನ್ನುವುದು ಇನ್ನೊಂದು. ಅದರ ಮೇಲೆ ಯೋಧನ ಫೋಟೋ, ಬದುಕಿನ ಕಥೆ ಅಂಟಿಸಿರುತ್ತಾರೆ. ಚೆನ್ನಾಗಿ ಓದುವ ಮಗುವಿಗೆ ಅಲ್ಲಿ ಕೂರುವ ಗೌರವ. ಮೊದಲು ಹಳೆಯ ಯುದ್ಧದವರ ಫೋಟೋ ಇರುತ್ತಿತ್ತು. ಈಗ ಅದೇ ಶಾಲೆಯಲ್ಲಿ ಮೊನ್ನೆ ಮೊನ್ನೆ ಓದಿ ಹೋಗಿ ಉಕ್ರೇನ್‌ನಲ್ಲಿ ಸತ್ತವರ ಫೋಟೋಗಳೂ ಬಂದಿವೆ. ಇವರನ್ನು ಮಕ್ಕಳು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೋ, ಪಾವ್ಲಿಕ್ ಗತಿ ಇವರಿಗೂ ಬರುತ್ತದೋ ಈಗಲೇ ಹೇಳಲಾಗದು. ಆದರೆ ಬೇರೆ ಹೆಸರು ಹೇಳುವುದು ಅಪಾಯ ಅನ್ನುವುದಂತೂ ಹುಡುಗರಿಗೆ ಗೊತ್ತು. 2024ರ ಫೆಬ್ರವರಿಯಲ್ಲಿ ಪುಟಿನ್ ವಿರೋಧಿ ನಾಯಕ ಅಲೆಕ್ಸೈ ನವಾಲ್ನಿ ಜೈಲಿನಲ್ಲಿ ತೀರಿಕೊಂಡಾಗ ಸುಮ್ನೆ ಹೂವಿಡಲು ಬಂದವರನ್ನೂ ಎಷ್ಟೋ ಊರುಗಳಲ್ಲಿ ಪೊಲೀಸರು ಹಿಡಿದರು.

ಆಟಗಾರರನ್ನು ಬೇಗ ಹೇಳಿ ಮುಗಿಸುತ್ತೇನೆ. ಐಸ್ ಹಾಕಿಯ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್‌ನಲ್ಲಿ 895ನೇ ಗೋಲು ಹೊಡೆದು ಅಮೆರಿಕದ ಲೀಗ್‌ನ ಹಳೆಯ ದಾಖಲೆ ಮುರಿದರು. ರಷ್ಯಾದ ದಕ್ಷಿಣದ ದಾಗೆಸ್ತಾನದ ಹುಡುಗರನ್ನು ಕೇಳಿದರೆ ಎಂಎಂಎ ಅನ್ನುವ ಮಿಶ್ರ ಕಾದಾಟದ ಹಬೀಬ್ ನುರ್ಮಗೊಮೆದೊವ್. 29 ಕಾದಾಟ, 29 ಗೆಲುವು. ಕುರಿ ಉಣ್ಣೆಯ ದೊಡ್ಡ ಟೋಪಿ. ಕೋಚ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ, ಇನ್ನು ಆಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು 2020ರಲ್ಲಿ ನಿಲ್ಲಿಸಿಬಿಟ್ಟರು. ಗೆದ್ದದ್ದಕ್ಕಿಂತ ಆ ಮಾತಿಗೇ ಅಲ್ಲಿ ಮರ್ಯಾದೆ ಜಾಸ್ತಿ ಅಂತ ನನ್ನ ಎಣಿಕೆ. ಸಣ್ಣ ಮಕ್ಕಳಿಗಾದರೆ ನೀವಂದ ಹಾಗೆ ಯೂಟ್ಯೂಬ್. ವ್ಲಾದ್ ಎ4 ಅಂತ ಬೆಲಾರುಸ್‌ನವನೊಬ್ಬ ಇದ್ದಾನೆ, ಅವನ ಮುಂದೆ ಪುಷ್ಕಿನ್ ಯಾವ ಲೆಕ್ಕ.

ವಿಕ್ಟರ್ ತ್ಸೊಯ್ ಹೆಸರು ಬಿಟ್ಟರೆ ಮಾತ್ರ ರಷ್ಯನ್ನರು ನನ್ನನ್ನು ಕ್ಷಮಿಸಲ್ಲ. ಲೆನಿನ್‌ಗ್ರಾದ್‌ನ ರಾಕ್ ಹಾಡುಗಾರ, ಅಪ್ಪ ಕೊರಿಯನ್ ಮೂಲದವರು. ಹಾಡು ದೇಶವೆಲ್ಲ ಕೇಳುತ್ತಿದ್ದಾಗಲೂ ಹೊಟ್ಟೆಪಾಡಿಗೆ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು. 1990ರ ಆಗಸ್ಟ್ 15ರಂದು ಲಾತ್ವಿಯಾದಲ್ಲಿ ಕಾರು ಅಪಘಾತದಲ್ಲಿ ಹೋದಾಗ 28 ವರ್ಷ. ಆರು ವಾರ ಕಳೆದು ನಾವು ದಾವಣಗೆರೆ ಬಳಿ ಶಂಕರ್‌ನಾಗ್ ಅವರನ್ನು ಕಳೆದುಕೊಂಡೆವು. ನಮ್ಮ ಆಟೋಗಳ ಹಿಂದೆ ಅವರ ಚಿತ್ರ ಇರುವ ಹಾಗೆ ಅಲ್ಲಿನ ಗೋಡೆಗಳ ಮೇಲೆ 'ತ್ಸೊಯ್ ಬದುಕಿದ್ದಾನೆ' ಅನ್ನುವ ಬರಹ ಇರುತ್ತದೆ. ಮಾಸ್ಕೋದ ಅರ್ಬಾತ್ ಬೀದಿಯ ಪಕ್ಕ ಒಂದು ಗೋಡೆ ಪೂರ್ತಿ ಅವರದ್ದೇ. ಅವರು ಸತ್ತು ಎಷ್ಟೋ ವರ್ಷಕ್ಕೆ ಹುಟ್ಟಿದ ಹುಡುಗರು ಅಲ್ಲಿ ಗಿಟಾರ್ ಹಿಡಿದು ಕೂರುತ್ತಾರೆ. ಬದಲಾವಣೆ ಬೇಕು ಅನ್ನುವ ಅವರ ಹಾಡನ್ನು 2020ರಲ್ಲಿ ಬೆಲಾರುಸ್‌ನ ಪ್ರತಿಭಟನೆಯಲ್ಲಿ ಸಾವಿರಾರು ಜನ ಒಟ್ಟಿಗೆ ಹಾಡಿದರು.

ನಿಮ್ಮ ಅಣ್ಣನ ಮಗಳಿಗೆ ಒಂದು ಮಾತು ಹೇಳಿ. ಸಹಪಾಠಿಗಳನ್ನು 'ನಿಮ್ಮ ಹೀರೋ ಯಾರು' ಅಂತ ಕೇಳಬೇಡ. ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ, ಇಲ್ಲಾ ಹೆಗಲು ಕುಣಿಸಿ 'ನಿಕ್ತೋ', ಯಾರೂ ಇಲ್ಲ ಅನ್ನುತ್ತಾರೆ. ಅದರ ಬದಲು, ಮೇ 9ಕ್ಕೆ ನಿಮ್ಮ ಮನೆಯಲ್ಲಿ ಯಾರ ಫೋಟೋ ಹೊರಗೆ ತೆಗೆಯುತ್ತೀರಿ ಅಂತ ಕೇಳಲಿ. ಟೀ ಆರಿ ತಣ್ಣಗಾಗುವವರೆಗೂ ಕಥೆ ಹೇಳುತ್ತಾರೆ.